ಕೂರ್ಸ್ ಫೀಲ್ಡ್‌ನಲ್ಲಿ ಹೊಡೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಕಾ?

ಪ್ರಶ್ನೆ: ನಾವು ಮೈಸೂರಿನವರು, ಈಗ ಡೆನ್ವರ್‌ನಲ್ಲಿದ್ದೇವೆ. ಮಗನ ಜೊತೆ ಇಲ್ಲಿನ ರಾಕೀಸ್ ತಂಡದ ಮೈದಾನ ಕೂರ್ಸ್ ಫೀಲ್ಡ್‌ಗೆ ಹೋಗಿ ಹೋಗಿ ನನಗೂ ಬೇಸ್‌ಬಾಲ್ ರುಚಿ ಹತ್ತಿದೆ. ಆದರೆ ಆಫೀಸಿನಲ್ಲಿ ಬೇರೆ ಊರಿನ ತಂಡಗಳ ಅಭಿಮಾನಿಗಳು ಒಂದೇ ಮಾತು ಹೇಳುತ್ತಾರೆ: "ರಾಕೀಸ್ ಬ್ಯಾಟರ್‌ಗಳ ಅಂಕಿಗಳೆಲ್ಲ ಇಲ್ಲಿನ ಗಾಳಿಯಿಂದ ಬಂದದ್ದು. ಲ್ಯಾರಿ ವಾಕರ್‌ನನ್ನು ದೊಡ್ಡ ಆಟಗಾರರ ಗೌರವಮಂದಿರವಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದೇ ತಪ್ಪು." ಮೈದಾನ ನಿಜಕ್ಕೂ ಒಬ್ಬನ ವೃತ್ತಿಜೀವನದ ಅಂಕಿಗಳನ್ನು ಅಷ್ಟು ಬದಲಿಸುತ್ತದಾ? ತಂಡವೂ ಬದಲಿಸುತ್ತದಾ? ಹಾಗಿದ್ದರೆ ಯಾವ ಅಂಕಿಯನ್ನು ನಂಬಬೇಕು?

ಉತ್ತರ: ನಿಮ್ಮ ಆಫೀಸಿನವರ ಮೊದಲ ಮಾತಿನಲ್ಲಿ ಅರ್ಧ ನಿಜ ಇದೆ, ಎರಡನೆಯದು ಸರಿಯಲ್ಲ. ಕೂರ್ಸ್ ಫೀಲ್ಡ್ ಬ್ಯಾಟರ್‌ಗಳಿಗೆ ಕೊಡುವಷ್ಟು ನೆರವನ್ನು ಅಮೆರಿಕದ ದೊಡ್ಡ ಲೀಗಿನ ಬೇರೆ ಯಾವ ಕಾಯಂ ಮೈದಾನವೂ ಕೊಡುವುದಿಲ್ಲ. ಆದರೆ ಆ ನೆರವನ್ನು ಅಳೆಯಬಹುದು, ಅಳೆದು ಕಳೆಯಲೂಬಹುದು. ಕಳೆದ ಮೇಲೂ ವಾಕರ್ ದೊಡ್ಡ ಆಟಗಾರನಾಗಿಯೇ ಉಳಿಯುತ್ತಾನೆ. ಅದೇ ಮೈದಾನದಲ್ಲಿ ಆಡಿದ ಇನ್ನು ಕೆಲವರು ಉಳಿಯುವುದಿಲ್ಲ. ಹೇಗೆ ಅಂತ ನೋಡೋಣ.

ಮೊದಲು ಗಾಳಿಯ ವಿಷಯ. ಡೆನ್ವರ್ ಸಮುದ್ರಮಟ್ಟಕ್ಕಿಂತ 5,280 ಅಡಿ ಎತ್ತರದಲ್ಲಿದೆ, ಅಂದರೆ ಸರಿಯಾಗಿ ಒಂದು ಮೈಲಿ. ಕೂರ್ಸ್‌ನ ಮೇಲಿನ ಗ್ಯಾಲರಿಯಲ್ಲಿ ಹಸಿರು ಸೀಟುಗಳ ನಡುವೆ ನೇರಳೆ ಬಣ್ಣದ ಒಂದು ಸಾಲು ನೀವು ನೋಡಿರುತ್ತೀರಿ. ಆ ಎತ್ತರದ ಗುರುತು ಅದು. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಐದನೇ ಒಂದು ಭಾಗದಷ್ಟು ಕಮ್ಮಿ. ನಮ್ಮ ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಚಿನ್ನಸ್ವಾಮಿಯಲ್ಲಿ ಚೆಂಡು ಹಾರಿ ಹೋಗುವುದನ್ನು ನೋಡಿ ಬೆಳೆದವರಿಗೆ ಈ ವಿಷಯ ಹೊಸದೇನಲ್ಲ. ಆದರೆ ಡೆನ್ವರ್‌ನ ಎತ್ತರ ಅದಕ್ಕಿಂತ ತುಂಬಾ ಜಾಸ್ತಿ.

ತೆಳು ಗಾಳಿಯಿಂದ ಎರಡು ಕೆಲಸ ಆಗುತ್ತದೆ. ಹೊಡೆದ ಚೆಂಡಿಗೆ ತಡೆ ಕಮ್ಮಿಯಾಗಿ ಅದು ಇನ್ನಷ್ಟು ದೂರ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ತಿರುಗುವ ಚೆಂಡು ಬಾಗುವುದು ಗಾಳಿಯ ಒತ್ತಡದಿಂದ. ಗಾಳಿಯೇ ತೆಳುವಾದರೆ ಪಿಚರ್ ಎಸೆದ ಕರ್ವ್ ಬಾಲ್ ಬಾಗಬೇಕಾದಷ್ಟು ಬಾಗುವುದಿಲ್ಲ. ಬ್ಯಾಟರ್‌ಗೆ ಅದನ್ನು ಹೊಡೆಯುವುದು ಸುಲಭ. ಹಾಗಾಗಿ ಕೂರ್ಸ್‌ನಲ್ಲಿ ಸ್ಟ್ರೈಕ್‌ಔಟ್‌ಗಳೂ, ಅಂದರೆ ಬ್ಯಾಟರ್ ಚೆಂಡನ್ನು ಹೊಡೆಯಲಾಗದೆ ಔಟ್ ಆಗುವುದೂ ಕಮ್ಮಿ.

ಇದರ ಮೇಲೆ ಮೂರನೆಯದೊಂದಿದೆ. ಚೆಂಡು ದೂರ ಹೋಗುತ್ತದೆ ಅಂತ ಗೊತ್ತಿದ್ದೇ ಕಟ್ಟಿದವರು ಗೋಡೆಗಳನ್ನು ಹಿಂದಕ್ಕೆ ಇಟ್ಟರು. ಬ್ಯಾಟರ್ ನಿಲ್ಲುವ ಜಾಗದಿಂದ ಗೋಡೆಗೆ ಎಡಗೆರೆಯಲ್ಲಿ 347 ಅಡಿ, ನಡುವೆ 415, ಬಲಗೆರೆಯಲ್ಲಿ 350. ಅಲ್ಲಿಗೆ ಹೋಮ್ ರನ್, ಅಂದರೆ ಗೋಡೆ ದಾಟುವ ಹೊಡೆತ, ಸ್ವಲ್ಪ ಹಿಡಿತಕ್ಕೆ ಬಂತು. ಆದರೆ ಹಿಂದೆ ನಿಲ್ಲುವ ಮೂವರು ಫೀಲ್ಡರ್‌ಗಳು ಕಾಯಬೇಕಾದ ಜಾಗ ಭಾರಿ ದೊಡ್ಡದಾಯಿತು. ಅವರ ಮುಂದೆಯೂ ನಡುವೆಯೂ ಚೆಂಡು ಬೀಳಲು ಜಾಗ ಸಿಕ್ಕಿತು. ಅದಕ್ಕೇ ಅಲ್ಲಿ ಹೋಮ್ ರನ್ ಜೊತೆಗೆ ಒಂದು, ಎರಡು, ಮೂರು ಬೇಸ್ ತಂದುಕೊಡುವ ಸಿಂಗಲ್, ಡಬಲ್, ಟ್ರಿಪಲ್ ಎಲ್ಲವೂ ಜಾಸ್ತಿ. ಬ್ಯಾಟಿಂಗ್ ಸರಾಸರಿ ಏರುವುದಕ್ಕೆ ಹೋಮ್ ರನ್‌ಗಿಂತ ಇದೇ ದೊಡ್ಡ ಕಾರಣ.

1999ರಲ್ಲಿ ಕೂರ್ಸ್ ಫೀಲ್ಡ್ ಒಂದರಲ್ಲೇ 303 ಹೋಮ್ ರನ್ ಬಿದ್ದವು. 2002ರಿಂದ ಚೆಂಡುಗಳನ್ನು ಹ್ಯೂಮಿಡಾರ್ ಎಂಬ ತೇವಾಂಶದ ಕೋಣೆಯಲ್ಲಿ ಇಡಲು ಶುರುಮಾಡಿದರು. ಒಣಗಿದ ಚೆಂಡು ಹೆಚ್ಚು ಪುಟಿಯುತ್ತದೆ, ಪಿಚರ್ ಬೆರಳಿಗೂ ಜಾರುತ್ತದೆ. ತೇವದಲ್ಲಿ ಇಟ್ಟರೆ ಎರಡೂ ಕಮ್ಮಿಯಾಗುತ್ತದೆ. ಅಲ್ಲಿಂದ ಅತಿರೇಕ ಇಳಿಯಿತು, ಅನುಕೂಲ ಮಾತ್ರ ಉಳಿಯಿತು. ಹಾಗಾಗಿ ಕೂರ್ಸ್ ಅಂದರೆ ಎಲ್ಲ ಕಾಲಕ್ಕೂ ಒಂದೇ ಅಂತ ತಿಳಿಯಬೇಡಿ. 1997ರ ಕೂರ್ಸ್ ಬೇರೆ, 2018ರ ಕೂರ್ಸ್ ಬೇರೆ.

ಇನ್ನು ಲೆಕ್ಕ. ಪಾರ್ಕ್ ಫ್ಯಾಕ್ಟರ್ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅದರ ಮೂಲ ತುಂಬಾ ಸರಳ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, 81 ತವರಿನಲ್ಲಿ, 81 ಹೊರಗೆ. ತವರಿನ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಎಷ್ಟು ರನ್ ಗಳಿಸಿದವು, ಹೊರಗಿನ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಎಷ್ಟು ಗಳಿಸಿದವು ಅಂತ ನೋಡಿ ಭಾಗಿಸುತ್ತಾರೆ. ಎರಡೂ ತಂಡದ್ದನ್ನು ಸೇರಿಸುವುದು ಮುಖ್ಯ. ತಂಡದಲ್ಲಿ ಒಳ್ಳೆಯ ಬ್ಯಾಟರ್‌ಗಳಿದ್ದರೆ ಅವರು ಎರಡೂ ಕಡೆ ಆಡಿರುತ್ತಾರೆ, ಪಿಚರ್‌ಗಳು ಸೋತವರಾದರೆ ಎರಡೂ ಕಡೆ ಸೋತಿರುತ್ತಾರೆ. ಹಾಗೆ ತಂಡದ ಬಲ ಹೊಡೆದುಹೋಗಿ ಮೈದಾನದ ಪಾಲು ಮಾತ್ರ ಉಳಿಯುತ್ತದೆ. ಸುಮ್ನೆ ಉದಾಹರಣೆಗೆ, ತವರಿನಲ್ಲಿ ಒಟ್ಟು 900 ರನ್, ಹೊರಗೆ 750 ಅಂದುಕೊಳ್ಳಿ. ಅನುಪಾತ 1.20. ಆದರೆ ಆಟಗಾರ ತವರಿನಲ್ಲಿ ಆಡುವುದು ಅರ್ಧ ಮಾತ್ರ. ಆದ್ದರಿಂದ ಅವನ ಇಡೀ ವರ್ಷದ ಅಂಕಿಯಿಂದ ಕಳೆಯಬೇಕಾದದ್ದು 20 ಅಲ್ಲ, ಹೆಚ್ಚುಕಮ್ಮಿ 10 ಪರ್ಸೆಂಟ್. ನಿಮ್ಮ ಆಫೀಸಿನವರು ಮರೆಯುವುದು ಇದನ್ನೇ ಅನಿಸುತ್ತದೆ. ಕೂರ್ಸ್ ಅಂದ ಕೂಡಲೇ ಅವರು ಇಡೀ ವೃತ್ತಿಜೀವನವನ್ನೇ ಕೂರ್ಸ್‌ನಲ್ಲಿ ಕಳೆದಂತೆ ಮಾತಾಡುತ್ತಾರೆ, ಅಲ್ವಾ?

ಒಂದು ವರ್ಷದ ಪಾರ್ಕ್ ಫ್ಯಾಕ್ಟರ್ ಅನ್ನು ನಂಬಬಾರದು. 81 ಪಂದ್ಯದಲ್ಲಿ ಹವೆ, ಅದೃಷ್ಟ ಎಲ್ಲ ಸೇರಿಕೊಳ್ಳುತ್ತವೆ. ಮೂರು ವರ್ಷದ್ದನ್ನಾದರೂ ಒಟ್ಟಿಗೆ ನೋಡಬೇಕು.

ಈಗ ವಾಕರ್. ಕೆನಡಾದವನು, 1989ರಿಂದ 1994ರವರೆಗೆ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡದಲ್ಲಿದ್ದ, 1995ರಲ್ಲಿ ರಾಕೀಸ್‌ಗೆ ಬಂದ, ಕೊನೆಗೆ ಸೇಂಟ್ ಲೂಯಿಸ್‌ನಲ್ಲಿ 2005ರಲ್ಲಿ ಮುಗಿಸಿದ. ಒಟ್ಟು ಬ್ಯಾಟಿಂಗ್ ಸರಾಸರಿ .313. ಅಂದರೆ ವಾಕ್ (ಪಿಚರ್ ತಪ್ಪಾಗಿ ಎಸೆದದ್ದಕ್ಕೆ ಸಿಗುವ ಬೇಸ್) ಮುಂತಾದವನ್ನು ಬಿಟ್ಟು ಸಾವಿರ ಸಲ ಬ್ಯಾಟ್ ಮಾಡಿದರೆ 313 ಹಿಟ್. 383 ಹೋಮ್ ರನ್. ಕೂರ್ಸ್‌ನಲ್ಲಿ ಅವನ ಸರಾಸರಿ .381. ಎದುರಾಳಿಗಳ ಮೈದಾನಗಳಲ್ಲಿ .278. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಪತ್ರಕರ್ತರಿಗೂ ಬಂತು. 2011ರಲ್ಲಿ ಮೊದಲ ಸಲ ಪಟ್ಟಿಗೆ ಬಂದಾಗ 20.3 ಪರ್ಸೆಂಟ್ ಮತ. 2014ರಲ್ಲಿ 10.2ಕ್ಕೆ ಇಳಿಯಿತು. ಬೇಕಾದದ್ದು 75. ಹತ್ತನೇ ವರ್ಷ, ಅಂದರೆ ಕೊನೆಯ ಅವಕಾಶದಲ್ಲಿ, 2020ರಲ್ಲಿ 76.6 ಪರ್ಸೆಂಟ್ ಬಂತು. ಬೇಕಿದ್ದಕ್ಕಿಂತ ಆರೇ ಮತ ಜಾಸ್ತಿ.

ಆ ಹತ್ತು ವರ್ಷದಲ್ಲಿ ವಾಕರ್ ಒಂದು ಚೆಂಡನ್ನೂ ಹೊಡೆಯಲಿಲ್ಲ. ಬದಲಾದದ್ದು ಅಂಕಿಗಳನ್ನು ಓದುವ ಕ್ರಮ.

ಏನು ಕಂಡಿತು ಅವರಿಗೆ? ಒಂದು, ವಾಕರ್ ಬ್ಯಾಟ್ ಮಾಡಲು ಬಂದದ್ದು ಒಟ್ಟು 8,030 ಸಲ. ಅದರಲ್ಲಿ ಕೂರ್ಸ್‌ನಲ್ಲಿ ಆದದ್ದು ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಎರಡು, ಅವನ ಅತ್ಯುತ್ತಮ ವರ್ಷ 1997. ಆ ವರ್ಷ ಲೀಗಿನ ಎಂವಿಪಿ, ಅಂದರೆ ಅತ್ಯಂತ ಬೆಲೆಬಾಳುವ ಆಟಗಾರ, ಅವನೇ, ಸರಾಸರಿ .366, 49 ಹೋಮ್ ರನ್. ಆ 49ರಲ್ಲಿ ತವರಿನಲ್ಲಿ ಹೊಡೆದದ್ದು 20, ಹೊರಗೆ 29. ಹೊರಗಿನ ಸರಾಸರಿ .346. ಡೆನ್ವರ್ ಗಾಳಿಯ ನೆರವೇ ಇಲ್ಲದ ಊರುಗಳಲ್ಲಿ ಅರ್ಧ ವರ್ಷಕ್ಕೆ 29! ನನ್ನ ಮಟ್ಟಿಗೆ ಆ ವರ್ಷವೊಂದೇ ಸಾಕು, ಇವನು ಗಾಳಿಯಿಂದ ಬೆಳೆದವನಲ್ಲ ಅಂತ ತೋರಿಸಲು. ಹಾಗಂತ ಬೇರೆ ವರ್ಷಗಳನ್ನು ಮುಚ್ಚಿಡಬಾರದು. 1999ರಲ್ಲಿ ಅವನು .379 ಸರಾಸರಿಯಲ್ಲಿ ಬ್ಯಾಟಿಂಗ್ ಕಿರೀಟ ಗೆದ್ದ, ಅಂದರೆ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ಅವನದು. ತವರಿನಲ್ಲಿ .461, ಹೊರಗೆ .286. ಆ ಕಿರೀಟಕ್ಕೆ ಮೈದಾನದ ಸಾಲ ದೊಡ್ಡದು.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಓಪಿಎಸ್ ಪ್ಲಸ್ ಎಂಬ ಅಳತೆ ಇದೆ. ಬೇಸ್ ತಲುಪುವ ಗುಣ, ಹೊಡೆತದ ಬಲ ಎರಡನ್ನೂ ಸೇರಿಸಿ, ಮೈದಾನಕ್ಕೂ ಆ ಕಾಲದ ಲೀಗಿನ ಮಟ್ಟಕ್ಕೂ ತಕ್ಕಂತೆ ಸರಿಮಾಡಿ ಕೊಡುತ್ತಾರೆ. 100 ಅಂದರೆ ಸಾಧಾರಣ ಬ್ಯಾಟರ್. ವಾಕರ್‌ದು 141. ಕೆನ್ ಗ್ರಿಫಿ ಜೂನಿಯರ್ 136, ರೆಜ್ಜಿ ಜಾಕ್ಸನ್ 139. ಈ ಇಬ್ಬರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ವಾಕರ್‌ನ ಅಂಕಿಯಿಂದ ಕೂರ್ಸ್‌ನ ಪಾಲನ್ನು ಕಳೆದು ಬಂದ ಸಂಖ್ಯೆ ಅದು, ಕಳೆಯುವ ಮೊದಲಿನದಲ್ಲ. ಇದರ ಮೇಲೆ ಬಲ ಮೈದಾನದಲ್ಲಿ ಏಳು ಗೋಲ್ಡ್ ಗ್ಲೌವ್ (ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ), 230 ಸಲ ಕದ್ದ ಬೇಸ್, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಹಿಡಿದದ್ದು. ಫೀಲ್ಡಿಂಗ್‌ಗೆ, ಓಟಕ್ಕೆ ತೆಳು ಗಾಳಿ ಏನೂ ಸಹಾಯ ಮಾಡುವುದಿಲ್ಲ.

ಇದೇ ಅಳತೆಯಿಂದ ಅದೇ ರಾಕೀಸ್‌ನ ವಿನ್ನಿ ಕಾಸ್ಟಿಯಾನನ್ನು ನೋಡಿ. 1996ರಿಂದ ಮೂರು ವರ್ಷ ಸತತವಾಗಿ 40, 40, 46 ಹೋಮ್ ರನ್. 2000ದಲ್ಲಿ ಟ್ಯಾಂಪಾ ಬೇಗೆ ಹೋದ. ಗಾಯವೂ ಕಾಡಿತು ನಿಜ. ಆ ವರ್ಷ 85 ಪಂದ್ಯದಲ್ಲಿ 6 ಹೋಮ್ ರನ್, ಸರಾಸರಿ .221. ಕೆಲವು ವರ್ಷದ ನಂತರ 2004ರಲ್ಲಿ ಡೆನ್ವರ್‌ಗೆ ವಾಪಸ್ ಬಂದ. ಬಂದ ವರ್ಷವೇ 35 ಹೋಮ್ ರನ್ ಹೊಡೆದು, 131 ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) ಜೊತೆ, ದೊಡ್ಡ ಲೀಗಿನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗಿಗೇ ಮೊದಲಿಗನಾದ. ಒಟ್ಟು ವೃತ್ತಿಜೀವನದಲ್ಲಿ 320 ಹೋಮ್ ರನ್ ಇದ್ದರೂ ಅವನ ಓಪಿಎಸ್ ಪ್ಲಸ್ 95. ಸಾಧಾರಣಕ್ಕಿಂತ ಕೆಳಗೆ. ಡಾಂಟೆ ಬಿಷೆಟ್ 1995ರಲ್ಲಿ 40 ಹೋಮ್ ರನ್ ಹೊಡೆದು ಲೀಗಿಗೆ ಮೊದಲಿಗನಾದ. ಅದರಲ್ಲಿ 31 ತವರಿನಲ್ಲಿ, 9 ಹೊರಗೆ. ಅವನ ವೃತ್ತಿಜೀವನದ ಓಪಿಎಸ್ ಪ್ಲಸ್ 107. ಮೈದಾನ ಒಂದೇ, ಕಳೆದ ರೀತಿಯೂ ಒಂದೇ. ಒಬ್ಬ 141ರಲ್ಲಿ ನಿಂತ, ಒಬ್ಬ 107ರಲ್ಲಿ, ಒಬ್ಬ 95ರಲ್ಲಿ. "ರಾಕೀಸ್ ಬ್ಯಾಟರ್‌ಗಳು" ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವವರಿಗೆ ಈ ಮೂರು ಸಂಖ್ಯೆ ತೋರಿಸಿ.

ಹೊರಗಿನ ಅಂಕಿ ಮಾತ್ರ ನಿಜವಾದ ಅಂಕಿ, ತವರಿನದನ್ನು ಹರಿದು ಹಾಕಬೇಕು ಅನ್ನುವವರೂ ಇದ್ದಾರೆ. ಇದು ದೊಡ್ಡ ತಪ್ಪು, ಎರಡು ಕಾರಣಕ್ಕೆ. ಯಾವ ತಂಡದವನೇ ಆಗಲಿ, ಬಹುತೇಕ ಆಟಗಾರರು ಹೊರಗಿಗಿಂತ ತವರಿನಲ್ಲಿ ಸ್ವಲ್ಪ ಚೆನ್ನಾಗಿ ಆಡುತ್ತಾರೆ. ಪರಿಚಯದ ಹುಲ್ಲು, ಸ್ವಂತ ಹಾಸಿಗೆಯಲ್ಲಿ ನಿದ್ದೆ. ಬೇರೆ ತಂಡದವನ ತವರಿನ ಅಂಕಿಯನ್ನು ಇಟ್ಟುಕೊಂಡು ರಾಕೀಸ್‌ನವನದನ್ನು ಮಾತ್ರ ಎಸೆದರೆ ಅದು ನ್ಯಾಯವಲ್ಲ. ಎರಡನೇ ಕಾರಣ ಡೆನ್ವರ್‌ಗೇ ವಿಶೇಷವಾದದ್ದು. ಒಂದು ವಾರ ಬಾಗದ ಕರ್ವ್ ಬಾಲ್ ನೋಡಿ ಅಭ್ಯಾಸವಾದ ಕಣ್ಣು ಮುಂದಿನ ವಾರ ಸ್ಯಾನ್ ಡಿಯಾಗೋದಲ್ಲಿ ಪೂರ್ತಿ ಬಾಗುವ ಕರ್ವ್ ಎದುರಿಸಬೇಕು. ಮತ್ತೆ ಹೊಂದಿಕೊಳ್ಳುವಷ್ಟರಲ್ಲಿ ಊರಿಗೆ ವಾಪಸ್. ರಾಕೀಸ್ ಬ್ಯಾಟರ್‌ಗಳ ಹೊರಗಿನ ಅಂಕಿಗಳು ಅವರ ನಿಜವಾದ ಸಾಮರ್ಥ್ಯಕ್ಕಿಂತ ಕೆಳಗಿರುವುದಕ್ಕೆ ಇದೂ ಒಂದು ಕಾರಣ ಅಂತ ಆಟ ಬಲ್ಲವರು ಬಹಳ ಹಿಂದಿನಿಂದ ಹೇಳುತ್ತಿದ್ದಾರೆ.

ಊರು ಬಿಟ್ಟವರನ್ನೇ ನೋಡಿ. ಆಂಡ್ರೆಸ್ ಗಲರಾಗಾ 1996ರಲ್ಲಿ ರಾಕೀಸ್‌ಗೆ 47 ಹೋಮ್ ರನ್ ಹೊಡೆದಿದ್ದ. 1998ರಲ್ಲಿ ಅಟ್ಲಾಂಟಾಕ್ಕೆ ಹೋಗಿ 44 ಹೊಡೆದ, ಸರಾಸರಿ .305. ಡಿಜೆ ಲೆಮೇಹ್ಯೂ 2016ರಲ್ಲಿ ರಾಕೀಸ್ ಪರ .348 ಸರಾಸರಿಯಲ್ಲಿ ಬ್ಯಾಟಿಂಗ್ ಕಿರೀಟ ಗೆದ್ದಾಗ ಎಲ್ಲರೂ ಕೂರ್ಸ್ ಅಂದರು. 2019ರಲ್ಲಿ ಯಾಂಕೀಸ್‌ಗೆ ಹೋದ, ಮೊದಲ ವರ್ಷವೇ .327. ಮರುವರ್ಷ, ಕೋವಿಡ್‌ನಿಂದ 60 ಪಂದ್ಯಕ್ಕೆ ಇಳಿದ ಋತುವಿನಲ್ಲಿ, .364 ಹೊಡೆದು ಅಮೆರಿಕನ್ ಲೀಗಿನ ಕಿರೀಟವನ್ನೂ ಗೆದ್ದ. ನೋಲನ್ ಅರೆನಾಡೊ ಸೇಂಟ್ ಲೂಯಿಸ್‌ಗೆ ಹೋಗಿ 2022ರಲ್ಲಿ ಎಂವಿಪಿ ಮತದಾನದಲ್ಲಿ ಮೂರನೆಯವನಾದ. ಟಾಡ್ ಹೆಲ್ಟನ್ ಮಾತ್ರ 17 ವರ್ಷವೂ ರಾಕೀಸ್‌ನಲ್ಲೇ ಇದ್ದ. ತವರಿನಲ್ಲಿ .345, ಹೊರಗೆ .287. ಅವನೂ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಹೊರಗೆ .287 ಅನ್ನುವುದು ಕಳಪೆ ಸಂಖ್ಯೆ ಏನಲ್ಲ.

ಮೈದಾನದ ಪಕ್ಷಪಾತ ಡೆನ್ವರ್‌ನಲ್ಲಿ ಹುಟ್ಟಿದ್ದಲ್ಲ ಅನ್ನುವುದು ನಿಮ್ಮ ಆಫೀಸಿನವರಿಗೆ ಗೊತ್ತಿರಬೇಕು. ಹಳೆಯ ದೊಡ್ಡ ಹೆಸರುಗಳ ಅಂಕಿಗಳಲ್ಲೂ ಅವರವರ ಮೈದಾನ ಕೂತಿದೆ. ನ್ಯೂಯಾರ್ಕ್ ಜೈಂಟ್ಸ್‌ನ ಮೆಲ್ ಆಟ್ 511 ಹೋಮ್ ರನ್ ಹೊಡೆದ. 323 ತವರಿನಲ್ಲಿ, 188 ಹೊರಗೆ. ಅವರ ಪೋಲೋ ಗ್ರೌಂಡ್ಸ್‌ನಲ್ಲಿ ಬಲಗೆರೆಯ ಗೋಡೆ 258 ಅಡಿಗೇ ಇತ್ತು. ಆಟ್ ಎಡಗೈ ಬ್ಯಾಟರ್, ಎಡಗೈಯವರ ಗಟ್ಟಿ ಹೊಡೆತ ಹೋಗುವುದು ಬಲಕ್ಕೆ. ಚೆಂಡನ್ನು ಗೆರೆಗೆ ಅಂಟಿಸಿ ಎಳೆದರೆ ಸಾಕು. 1943ರಲ್ಲಿ ಅವನ 18 ಹೋಮ್ ರನ್‌ಗಳೂ ತವರಿನಲ್ಲೇ ಬಂದವು, ಹೊರಗೆ ಒಂದೂ ಇಲ್ಲ. ಆದರೆ ಅದೇ ಮೈದಾನದ ನಡುಭಾಗ 480 ಅಡಿಗೂ ಆಚೆ ಇತ್ತು. 1954ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ವರ್ಷದ ಫೈನಲ್ ಸರಣಿಯಲ್ಲಿ, ವಿಕ್ ವರ್ಟ್ಜ್ ಹೊಡೆದ ಚೆಂಡನ್ನು ವಿಲೀ ಮೇಸ್ ಬೆನ್ನು ತಿರುಗಿಸಿ ಓಡಿ ಹಿಡಿದದ್ದು ಅಲ್ಲೇ. ಬೇರೆ ಊರಾಗಿದ್ದರೆ ಅದು ಸುಮ್ಮನೆ ಗೋಡೆ ದಾಟುವ ಚೆಂಡು. ಒಂದೇ ಮೈದಾನ ಆಟ್‌ಗೆ ಕೊಟ್ಟಿತು, ವರ್ಟ್ಜ್‌ನಿಂದ ಕಿತ್ತುಕೊಂಡಿತು.

ಇಲ್ಲಿಯೇ ಪಾರ್ಕ್ ಫ್ಯಾಕ್ಟರ್‌ನ ಮಿತಿ ಗೊತ್ತಾಗುವುದು. ಅದು ಎಲ್ಲರ ಸರಾಸರಿ. ಒಬ್ಬೊಬ್ಬನಿಗೆ ಮೈದಾನ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ನೋವಿನ ಉದಾಹರಣೆ ಜೋ ಡಿಮ್ಯಾಜಿಯೊ. ಹಳೆಯ ಯಾಂಕೀ ಸ್ಟೇಡಿಯಂನ ಬಲಗೆರೆ 296 ಅಡಿ, ಎಡಗೈಯವರಿಗೆ ಹಬ್ಬ. ಎಡ-ನಡುವಿನ ಭಾಗ ಮಾತ್ರ 457 ಅಡಿ. ಜನ ಅದನ್ನು ಡೆತ್ ವ್ಯಾಲಿ ಅಂತ ಕರೆಯುತ್ತಿದ್ದರು. ಡಿಮ್ಯಾಜಿಯೊ ಬಲಗೈ ಬ್ಯಾಟರ್. ಅವನ ಗಟ್ಟಿ ಹೊಡೆತಗಳು ಹೋಗುತ್ತಿದ್ದದ್ದು ಅಲ್ಲಿಗೇ. ಒಟ್ಟು 361 ಹೋಮ್ ರನ್‌ನಲ್ಲಿ ತವರಿನಲ್ಲಿ 148, ಹೊರಗೆ 213. 1947ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಅವನ ಹೊಡೆತವನ್ನು ಆಲ್ ಜಿಯಾನ್‌ಫ್ರಿಡೊ 415 ಅಡಿಯ ಗುರುತಿನ ಹತ್ತಿರ ಹಿಡಿದಾಗ, ಎಂದೂ ಭಾವನೆ ತೋರಿಸದ ಡಿಮ್ಯಾಜಿಯೊ ಸಿಟ್ಟಿನಿಂದ ನೆಲದ ಮಣ್ಣನ್ನು ಒದ್ದ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡಗೆರೆ ಸುಮಾರು 310 ಅಡಿ, ಅಲ್ಲಿ 37 ಅಡಿ ಎತ್ತರದ ಹಸಿರು ಗೋಡೆ. ಅಲ್ಲಿ ಆಡಿದ ಟೆಡ್ ವಿಲಿಯಮ್ಸ್ ಎಡಗೈ ಬ್ಯಾಟರ್, ಅವನಿಗೆ ಸಿಕ್ಕಿದ್ದು ದೂರದ ಬಲಗೋಡೆ. ಅವನ 521ರಲ್ಲೂ ತವರಿಗಿಂತ ಹೊರಗೆ ಜಾಸ್ತಿ, 248 ಮತ್ತು 273. ಇಬ್ಬರನ್ನು ಅದಲು ಬದಲು ಮಾಡಿಕೊಳ್ಳುವ ಮಾತು ಎರಡು ತಂಡದ ಮಾಲೀಕರ ನಡುವೆ ಒಮ್ಮೆ ನಡೆದಿತ್ತು ಎಂಬ ಕಥೆ ಈಗಲೂ ಜನರ ಬಾಯಲ್ಲಿದೆ. ಆಗಿದ್ದರೆ ಇಬ್ಬರ ಹೋಮ್ ರನ್ ಸಂಖ್ಯೆಯೂ ಬೇರೆಯೇ ಇರುತ್ತಿತ್ತು ಅಂತ ನನ್ನ ನಂಬಿಕೆ.

ಬೇಬ್ ರೂತ್‌ಗಾಗಿಯೇ ಯಾಂಕೀ ಸ್ಟೇಡಿಯಂ ಕಟ್ಟಿದ್ದು, ಅದರಿಂದಲೇ 714 ಆಯಿತು ಅನ್ನುವ ಮಾತೂ ಇದೆ. ಅಂಕಿ ಹಾಗೆ ಹೇಳುವುದಿಲ್ಲ. ತವರಿನಲ್ಲಿ 347, ಹೊರಗೆ 367. 1927ರ ಆ 60ರಲ್ಲೂ 28 ತವರಿನಲ್ಲಿ, 32 ಹೊರಗೆ.

ಪಿಚರ್‌ಗಳಿಗೂ ಇದೇ ಕಥೆ, ತಿರುಗಿಸಿ ಓದಬೇಕು ಅಷ್ಟೆ. ಸ್ಯಾಂಡಿ ಕೂಫ್ಯಾಕ್ಸ್ ಲಾಸ್ ಏಂಜಲೀಸ್‌ನಲ್ಲಿ ಮೊದಲು ಆಡಿದ್ದು ಕೊಲಿಸಿಯಂನಲ್ಲಿ. ಅದು ಬೇಸ್‌ಬಾಲ್‌ಗೆ ಕಟ್ಟಿದ್ದೇ ಅಲ್ಲ, ಎಡಗೋಡೆ ಬರೀ 251 ಅಡಿ ದೂರದಲ್ಲಿ, ಮೇಲೆ ಎತ್ತರದ ಬಲೆ. 1962ರಲ್ಲಿ ಡಾಡ್ಜರ್ ಸ್ಟೇಡಿಯಂ ತೆರೆಯಿತು. ರಾತ್ರಿ ಚೆಂಡು ಹಾರದ ತಂಪು ಗಾಳಿ, ಎರಡೂ ಬದಿ ಅಗಲವಾದ ಫೌಲ್ ಜಾಗ, ಅಂದರೆ ಗೆರೆಯ ಹೊರಗೆ ಹೋದ ಚೆಂಡನ್ನೂ ಹಿಡಿದು ಔಟ್ ಮಾಡಬಹುದಾದ ಜಾಗ. ಅಲ್ಲಿ ಕೂಫ್ಯಾಕ್ಸ್‌ನ ಇಆರ್‌ಎ 1.37. ಅಂದರೆ ಒಂಬತ್ತು ಇನಿಂಗ್ಸ್‌ಗೆ ಅವನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್ ಸರಾಸರಿ 1.37. 1964ರಲ್ಲಿ ತವರಿನಲ್ಲಿ 0.85, ಹೊರಗೆ 2.93. ಅಂತರ ದೊಡ್ಡದು. ಆದರೆ ಅವನು ಬದಲಾದದ್ದು ಮೈದಾನ ಬದಲಾಗುವ ಮೊದಲೇ. 1961ರಲ್ಲಿ, ಇನ್ನೂ ಕೊಲಿಸಿಯಂನಲ್ಲಿದ್ದಾಗಲೇ, 269 ಸ್ಟ್ರೈಕ್‌ಔಟ್ ಮಾಡಿ ನ್ಯಾಷನಲ್ ಲೀಗಿನ ದಾಖಲೆ ಮುರಿದಿದ್ದ. ಸ್ಟ್ರೈಕ್‌ಔಟ್‌ಗೆ ಗೋಡೆಯ ದೂರ ಲೆಕ್ಕಕ್ಕಿಲ್ಲ. ಅದಕ್ಕೇ ಮೈದಾನದ ಮೇಲೆ ಅನುಮಾನ ಬಂದಾಗ ನಾನು ಮೊದಲು ನೋಡುವುದು ಪಿಚರ್‌ನ ಸ್ಟ್ರೈಕ್‌ಔಟ್ ಮತ್ತು ವಾಕ್.

ತಂಡದ ವಿಷಯ ಕೇಳಿದ್ದೀರಿ. ಕೆಲವು ಅಂಕಿಗಳು ಹೆಸರಿಗೆ ಮಾತ್ರ ಆಟಗಾರನವು, ನಿಜದಲ್ಲಿ ತಂಡದವು. ಆರ್‌ಬಿಐ ಅಂತಹದ್ದು, ನಿಮ್ಮ ಹೊಡೆತದಿಂದ ಎಷ್ಟು ಜನ ಓಡಿ ರನ್ ಮುಗಿಸಿದರು ಎಂಬ ಲೆಕ್ಕ. ಬೇಸ್ ಮೇಲೆ ಯಾರೂ ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಹೊಡೆದರೂ ಅದು ಏರುವುದಿಲ್ಲ. 1990ರಲ್ಲಿ ಸ್ಯಾನ್ ಡಿಯಾಗೋದ ಜೋ ಕಾರ್ಟರ್‌ನ ಸರಾಸರಿ .232 ಮಾತ್ರ. ಆದರೂ 115 ಆರ್‌ಬಿಐ. ಟೋನಿ ಗ್ವಿನ್, ರಾಬರ್ಟೊ ಅಲೊಮಾರ್ ತರಹದವರು ಅದೇ ತಂಡದಲ್ಲಿ ಬೇಸ್ ತುಂಬಿಸುತ್ತಿದ್ದರು. ಅವನು 162 ಪಂದ್ಯವನ್ನೂ ಆಡಿದ.

ಪಿಚರ್‌ನ ಹೆಸರಿಗೆ ಬರೆಯುವ ಗೆಲುವು-ಸೋಲು ಇನ್ನೂ ಮೋಸದ ಅಂಕಿ. 1987ರಲ್ಲಿ ನೋಲನ್ ರಯನ್‌ನ ಇಆರ್‌ಎ 2.76, ಇಡೀ ನ್ಯಾಷನಲ್ ಲೀಗಿನಲ್ಲಿ ಅತಿ ಕಮ್ಮಿ. 270 ಸ್ಟ್ರೈಕ್‌ಔಟ್. ದಾಖಲೆ 8 ಗೆಲುವು, 16 ಸೋಲು. ಹ್ಯೂಸ್ಟನ್ ಬ್ಯಾಟರ್‌ಗಳು ಅವನಿಗೆ ರನ್ ಕೊಡಲಿಲ್ಲ. 2018ರಲ್ಲಿ ಮೆಟ್ಸ್‌ನ ಜೇಕಬ್ ಡಿಗ್ರಾಮ್ 1.70 ಇಆರ್‌ಎ ಇಟ್ಟುಕೊಂಡೂ ಗೆದ್ದದ್ದು 10, ಸೋತದ್ದು 9. ಒಳ್ಳೆಯ ಸಂಗತಿ ಅಂದರೆ ಆ ಹೊತ್ತಿಗೆ ಮತದಾರರು ಕಲಿತಿದ್ದರು, ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. 1972ರಲ್ಲಿ ಸ್ಟೀವ್ ಕಾರ್ಲ್‌ಟನ್ ಫಿಲಡೆಲ್ಫಿಯಾದ ಇಡೀ ವರ್ಷದ 59 ಗೆಲುವಿನಲ್ಲಿ 27ನ್ನು ಒಬ್ಬನೇ ತಂದ. ಅಂತಹ ತಂಡದಲ್ಲಿ ಅಷ್ಟು ಗೆಲ್ಲುವುದು ನನಗೆ ಈಗಲೂ ನಂಬಲಾಗದ ಸಂಗತಿ.

ಫೀಲ್ಡಿಂಗ್ ಕೂಡ ಪಿಚರ್ ಅಂಕಿಯೊಳಗೆ ನುಸುಳುತ್ತದೆ. 1971ರಲ್ಲಿ ಬಾಲ್ಟಿಮೋರ್‌ನ ನಾಲ್ವರು ಪಿಚರ್‌ಗಳು 20 ಅಥವಾ ಹೆಚ್ಚು ಪಂದ್ಯ ಗೆದ್ದರು. ನಾಲ್ವರೂ ಒಳ್ಳೆಯವರು. ಆದರೆ ಅವರ ಹಿಂದೆ ಬ್ರೂಕ್ಸ್ ರಾಬಿನ್ಸನ್, ಮಾರ್ಕ್ ಬೆಲಾಂಜರ್, ಪಾಲ್ ಬ್ಲೇರ್ ನಿಂತಿದ್ದರು. ಮೂವರ ಗೋಲ್ಡ್ ಗ್ಲೌವ್ ಸೇರಿಸಿದರೆ 32. ಬೇರೆ ತಂಡದಲ್ಲಿ ಹಿಟ್ ಆಗುವ ಚೆಂಡು ಅಲ್ಲಿ ಔಟ್ ಆಗುತ್ತಿತ್ತು.

ಅವಕಾಶ ಕೊಡದೆಯೂ ತಂಡ ಒಬ್ಬನ ಅಂಕಿಯನ್ನು ತಿನ್ನುತ್ತದೆ. ಸಿಯಾಟಲ್‌ನ ಎಡ್ಗರ್ ಮಾರ್ಟಿನೆಜ್ 1988ರಲ್ಲಿ ಕೆಳಗಿನ ಲೀಗಿನಲ್ಲಿ .363 ಹೊಡೆಯುತ್ತಿದ್ದ. ಆದರೂ ಮೇಲಿನ ತಂಡದಲ್ಲಿ ಕಾಯಂ ಜಾಗ ಸಿಕ್ಕಿದ್ದು 1990ರಲ್ಲಿ, 27ನೇ ವಯಸ್ಸಿಗೆ. ಅವನ ಒಟ್ಟು ಹಿಟ್ 2,247ಕ್ಕೇ ನಿಂತದ್ದನ್ನು ನೋಡಿ ಕಮ್ಮಿ ಅನ್ನುವವರು ಆ ಕಳೆದುಹೋದ ವರ್ಷಗಳನ್ನೂ ನೋಡಬೇಕು. ಅವನೂ ಹಾಲ್ ಆಫ್ ಫೇಮ್ ಸೇರಿದ್ದು ಹತ್ತನೇ ಸಲಕ್ಕೆ, 2019ರಲ್ಲಿ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಕೊನೆಯ ಪ್ರಶ್ನೆ, ಯಾವ ಅಂಕಿ ನಂಬಬೇಕು? ಮೊದಲು ನಿಮಗೆ ಏನು ತಿಳಿಯಬೇಕು ಅಂತ ನಿರ್ಧರಿಸಿ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಜಗಳ ಆಗುವುದೇ ಅವೆರಡನ್ನು ಬೆರೆಸುವುದರಿಂದ. "ಇವನು ಬೇರೆ ಊರಿನಲ್ಲಿ ಆಡಿದ್ದರೆ ಏನು ಮಾಡುತ್ತಿದ್ದ?" ಅನ್ನುವುದು ಒಂದು. ಇದಕ್ಕೆ ಖಚಿತ ಉತ್ತರ ಯಾರ ಬಳಿಯೂ ಇಲ್ಲ. ಗಲರಾಗಾ ಹೊರಗೂ ಗೆದ್ದ, ಕಾಸ್ಟಿಯಾ ಸೋತ. "ಇವನು ಆಡಿದ ಕಡೆ, ಇವನ ಆಟದಿಂದ ತಂಡಕ್ಕೆ ಎಷ್ಟು ಗೆಲುವು ಬಂತು?" ಅನ್ನುವುದು ಇನ್ನೊಂದು. ಇದಕ್ಕೆ ಉತ್ತರ ಇದೆ. ರನ್ ಹೊಳೆಯಾಗಿ ಹರಿಯುವ ಮೈದಾನದಲ್ಲಿ ಒಂದು ಪಂದ್ಯ ಗೆಲ್ಲಲು ಹೆಚ್ಚು ರನ್ ಬೇಕು. ಅಂದರೆ ಅಲ್ಲಿ ಒಂದು ರನ್ನಿನ ಬೆಲೆ ಕಮ್ಮಿ. ಸಾಮಾನ್ಯವಾಗಿ ಎದುರಾಳಿಗಿಂತ ಸುಮಾರು 10 ರನ್ ಹೆಚ್ಚು ಗಳಿಸಿದರೆ ವರ್ಷದಲ್ಲಿ ಒಂದು ಗೆಲುವು ಹೆಚ್ಚು ಬರುತ್ತದೆ ಎಂಬುದು ಒಪ್ಪಿತ ಲೆಕ್ಕ. ಕೂರ್ಸ್‌ನಲ್ಲಿ ಅದಕ್ಕಿಂತ ಜಾಸ್ತಿ ಬೇಕು. ಪಾರ್ಕ್ ಫ್ಯಾಕ್ಟರ್ ಮಾಡುವ ಕೆಲಸ ಇಷ್ಟೇ, ರನ್ನಿನ ಸ್ಥಳೀಯ ಬೆಲೆಯನ್ನು ಹೇಳುತ್ತದೆ. ಅದು ಆಟಗಾರನ ಪ್ರತಿಭೆಯ ಮೇಲೆ ತೀರ್ಪಲ್ಲ. ವಾಕರ್ ಕೂರ್ಸ್‌ಗೆ ತಕ್ಕಂತೆ ತನ್ನ ಆಟವನ್ನು ಹದಮಾಡಿಕೊಂಡಿದ್ದರೆ, ಅದರಿಂದ ರಾಕೀಸ್ ಗೆದ್ದಿದ್ದರೆ, ಆ ಗೆಲುವುಗಳು ನಿಜವಾದವು. ಅವನ್ನು ಗಾಳಿಯ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ, ಅದೇ ಗಾಳಿಯಲ್ಲಿ ಎದುರಾಳಿಗಳೂ ಬ್ಯಾಟ್ ಮಾಡಿದ್ದರು.

ಹಾಗಾಗಿ ಮಗನ ಜೊತೆ ಕೂತು ಯಾವುದೇ ಆಟಗಾರನ ಪುಟ ತೆರೆದಾಗ ಮೊದಲು ಓಪಿಎಸ್ ಪ್ಲಸ್ ನೋಡಿ, ಪಿಚರ್ ಆದರೆ ಇಆರ್‌ಎಯನ್ನು ಹಾಗೆಯೇ ಸರಿಮಾಡಿದ ಇಆರ್‌ಎ ಪ್ಲಸ್. ಆಮೇಲೆ ತವರು-ಹೊರಗಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಎಡಗೈಯೋ ಬಲಗೈಯೋ, ಗೋಡೆ ಯಾವ ಕಡೆ ಹತ್ತಿರ ಅಂತ ಯೋಚಿಸಿ. ಆರ್‌ಬಿಐ, ಗೆಲುವು-ಸೋಲುಗಳನ್ನು ಕಥೆಗಾಗಿ ಓದಿ, ತೂಕ ಹಾಕಲು ಬೇಡ.

ಇನ್ನೊಂದು ವಿಷಯ. ಬ್ಯಾಟರ್‌ಗಳಿಂದ ಕಳೆಯುವವರು ಕೂರ್ಸ್‌ನ ಪಿಚರ್‌ಗಳಿಗೆ ಅಷ್ಟೇ ಶ್ರೇಯ ಕೂಡಿಸಬೇಕು. ಮೈಕ್ ಹ್ಯಾಂಪ್ಟನ್ 2000ದಲ್ಲಿ ಮೆಟ್ಸ್‌ಗೆ 3.14 ಇಆರ್‌ಎ ಕೊಟ್ಟು, 121 ಮಿಲಿಯನ್ ಡಾಲರ್ ಒಪ್ಪಂದದ ಮೇಲೆ ಡೆನ್ವರ್‌ಗೆ ಬಂದ. ಮೊದಲ ವರ್ಷ 5.41, ಮರುವರ್ಷ 6.15. ಅವನ ಹೆಸರು ಹಾಳಾಯಿತು. ಇನ್ನೊಂದು ಕಡೆ ನಿಮ್ಮ ಊರಿನಲ್ಲೇ ಹುಟ್ಟಿದ ಕೈಲ್ ಫ್ರೀಲ್ಯಾಂಡ್ ಇದ್ದಾನೆ. 2018ರಲ್ಲಿ ಅವನ ಇಆರ್‌ಎ 2.85, 17 ಗೆಲುವು, 7 ಸೋಲು. ಕೂರ್ಸ್‌ನಲ್ಲಿ ಮಾತ್ರ ನೋಡಿದರೆ 2.40. ನಿಮ್ಮ ಆಫೀಸಿನವರು ಇನ್ನೊಮ್ಮೆ ಗಾಳಿಯ ಮಾತು ತೆಗೆದರೆ, ಆ 2.40ರಿಂದ ಎಷ್ಟು ಕಳೆಯುತ್ತೀರಿ ಅಂತ ಕೇಳಿ.